ಬಿಲದೊಳಗಿನ ಕಾಮನಬಿಲ್ಲು

ಆಸ್ಟ್ರೇಲಿಯಾದ ಅಡಿಲೇಡಿನಿಂದ ಉತ್ತರಕ್ಕೆ ಸುಮಾರು 850 ಕಿ.ಮೀ. ಬಸ್ಸಿಳಿದರೆ ಊರೇ ಕಾಣಲಿಲ್ಲ! ಕಂಡದ್ದು ಹೆಗ್ಗಣ ಕೆದರಿದಂತೆ ಕಣ್ಣು ಹಾಯುವಷ್ಟು ದೂರ ಬಿದ್ದಿದ್ದ ಮಣ್ಣಗುಡ್ಡೆಗಳು. ಕೂಬರ್ ಪೀಡಿ ಎಂಬ ಈ ಊರಿನ ಅರ್ಧ ನೆಲದಡಿಯಲ್ಲಿದೆ. ಬೇಸಿಗೆಯಲ್ಲಿ ಮೇಲೆ 45 ಡಿಗ್ರಿ ದಾಟುವ ಬಿಸಿಲು, ಬಂಡೆ ಕೊರೆದ ಮನೆಯೊಳಗೆ ನಮ್ಮ ಹಳೆಯ ಗುಡಿಗಳ ತಂಪು. ಚರ್ಚುಗಳೂ ಬಿಲದೊಳಗೇ. ಊರಿನ ಹೆಸರು ಬಂದದ್ದು ಮೂಲನಿವಾಸಿಗಳ ‘ಕುಪ ಪಿಟಿ’ ಎಂಬ ಮಾತಿನಿಂದ. ಬಿಳಿಯನ ಬಿಲ ಎಂದರ್ಥ. ತಕ್ಕ ಹೆಸರೇ!

1915ರಲ್ಲಿ ಚಿನ್ನ ಅರಸಿ ಬಂದವರ ಜೊತೆಗಿದ್ದ 14ರ ಹುಡುಗ ವಿಲಿ ಹಚಿಸನ್ ಇಲ್ಲಿ ಹೆಕ್ಕಿದ್ದು ಓಪಲ್ ಎಂಬ ಬಣ್ಣದ ಹರಳು. ಇಂದಿಗೂ ಗಣಿಯವರು ಎಸೆದ ಮಣ್ಣನ್ನು ಕೆದಕಿ ಹುಡುಕಲು ಪ್ರವಾಸಿಗರಿಗೆ ಒಂದು ಜಾಗ ಬಿಟ್ಟಿದ್ದಾರೆ. ಎರಡು ತಾಸು ಕೆದಕಿದೆ. ಸಿಕ್ಕಿದ್ದು ಉಗುರಿನಷ್ಟು ಬೆಳ್ಳನೆಯ ಚೂರು. ಪಕ್ಕದಲ್ಲಿದ್ದ ಮುದುಕ, ನೆಕ್ಕಿ ನೋಡು ಎಂದ. ನೆಕ್ಕಿದೆ. ಓರೆ ಮಾಡಿದ್ದೇ ತಡ, ಒಳಗೊಂದು ಹಸಿರು ಕಿಡಿ! ಇನ್ನಷ್ಟು ತಿರುಗಿಸಿದರೆ ಕೆಂಪು, ಮತ್ತೆ ಏನೂ ಇಲ್ಲ. ಮಕ್ಕಳಂತೆ ಕೂಗಿಬಿಟ್ಟೆ.

ವಿಚಿತ್ರವೆಂದರೆ ಆ ಬಣ್ಣ ಕಲ್ಲಿನದ್ದಲ್ಲ. ಕೋಟಿಗಟ್ಟಲೆ ವರ್ಷಗಳ ಹಿಂದೆ ಈ ಜಾಗ ಕಡಲತಳ. ಕಡಲು ಹಿಂದೆ ಸರಿದ ಮೇಲೆ, ನೆಲಕ್ಕಿಳಿದ ನೀರು ಹೊತ್ತು ತಂದ ಸಿಲಿಕಾ ಬಿರುಕುಗಳಲ್ಲಿ ನಿಂತು, ಕಣ್ಣಿಗೆ ಕಾಣದಷ್ಟು ಸಣ್ಣ ಗೋಲಿಗಳಾಗಿ ಸಾಲುಗಟ್ಟಿತು. ಬೆಳಕು ಆ ಸಾಲುಗಳ ನಡುವೆ ಚದುರಿ ಬಣ್ಣವಾಗುತ್ತದೆ. 1964ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡ ಗುಟ್ಟಿದು. ನವಿಲುಗರಿಯ ಮಾಯೆಯೂ ಹೆಚ್ಚುಕಮ್ಮಿ ಇಂಥದ್ದೇ.

ಅಂಗಡಿಯವರ ಬಳಿ ಬೇರೆ ಕಥೆ: ಸೃಷ್ಟಿಕರ್ತ ಕಾಮನಬಿಲ್ಲಿನ ಮೇಲೆ ಇಳಿದು ಬಂದಾಗ ಪಾದ ಸೋಕಿದ ಕಲ್ಲುಗಳು ಹೊಳೆದವಂತೆ. ಮೂಲನಿವಾಸಿಗಳದ್ದೋ ವ್ಯಾಪಾರಿಗಳದ್ದೋ, ಚೆಂದವಂತೂ ಇದೆ. ನಡುಗಾಲದ ಯುರೋಪಿನಲ್ಲಿ ಓಪಲ್ ಕಣ್ಣುಬೇನೆಗೆ ಮದ್ದು. ಎಲೆಯಲ್ಲಿ ಸುತ್ತಿ ಹಿಡಿದರೆ ಮನುಷ್ಯ ಮಾಯವಾಗುತ್ತಾನೆಂದು ನಂಬಿ ಇದನ್ನು ಕಳ್ಳರ ಕಲ್ಲೆಂದೂ ಕರೆದರು! 1829ರ ವಾಲ್ಟರ್ ಸ್ಕಾಟ್ ಕಾದಂಬರಿಯೊಂದರಿಂದ ಇದಕ್ಕೆ ಅಪಶಕುನದ ಹೆಸರು ಅಂಟಿತೆನ್ನುತ್ತಾರೆ; ವಿಕ್ಟೋರಿಯಾ ರಾಣಿ ಮಾತ್ರ ಲೆಕ್ಕಿಸದೆ ಮೆಚ್ಚಿ ತೊಟ್ಟಳು. ನಮ್ಮ ಜ್ಯೋತಿಷಿಗಳು ಶುಕ್ರನ ಕಲ್ಲೆಂದು ವಜ್ರದ ಬದಲು ಇದನ್ನು ಹೇಳುತ್ತಾರೆ. ಓಪಲ್ ಎಂಬ ಹೆಸರು ಸಂಸ್ಕೃತದ ‘ಉಪಲ’ದಿಂದ ಹೋಯಿತೆಂದು ಹಲವರ ಮತ, ಅರ್ಥ ಬರೀ ಕಲ್ಲು.

ಓಪಲಿನಿಂದ ಕಣ್ಣುಬೇನೆ ವಾಸಿಯಾದದ್ದಕ್ಕೆ ಪುರಾವೆಯಿಲ್ಲ. ಆದರೂ ಆ ಸಂಜೆ ನನ್ನ ಕಣ್ಣು ತಂಪಾದದ್ದು ನಿಜ.

ಕೊಳ್ಳುವವರು ಕಲ್ಲಿನ ಪಕ್ಕೆಯನ್ನೊಮ್ಮೆ ನೋಡಿ. ತೆಳು ಓಪಲಿಗೆ ಕರಿಕಲ್ಲು ಅಂಟಿಸಿ ಮಾರುವುದುಂಟು. ಅಂಥದ್ದನ್ನು ಶುಕ್ರವಾರ ತೊಡುವ ಮುನ್ನ ಹಾಲಿನಲ್ಲಿ ನೆನೆಹಾಕಬೇಡಿ, ಅಂಟು ಬಿಡುತ್ತದೆ.