ಬಳೇಪೇಟೆಯ ದೂರ್ವಾಸರು!

ಮೆಜೆಸ್ಟಿಕ್ ಅಂದರೆ ನಮ್ಮಂಥವರಿಗೆ ಥಿಯೇಟರು, ಕಟೌಟು, ಬ್ಲಾಕ್ ಟಿಕೆಟ್ಟು... ಅಷ್ಟೇ. ಆದರೆ ಅಲ್ಲಿಂದ ಸ್ವಲ್ಪ ದೂರ ನಡೆದರೆ ಸಾಕು, ಬಳೇಪೇಟೆ. ಸಾಲುಸಾಲಾಗಿ ವಾದ್ಯದ ಅಂಗಡಿಗಳು. ಒಂದು ಕಡೆ ತಬಲಾಕ್ಕೆ ಸುತ್ತಿಗೆಯ ಏಟು, ಇನ್ನೊಂದು ಕಡೆ ಹಾರ್ಮೋನಿಯಂ ರಿಪೇರಿ. 1970ರ ದಶಕದ ಕೊನೆಯಲ್ಲಿ ಈ ಗದ್ದಲದ ನಡುವಿನ ಒಂದು ಅಡ್ಡಗಲ್ಲಿಯಲ್ಲಿ, ಮೂರು ಮೆಟ್ಟಿಲು ಹತ್ತಿದರೆ, ನಮ್ಮ ಪಾಲಿನ ಸ್ವರ್ಗ ಇತ್ತು. ರೆಕಾರ್ಡ್ ಅಂಗಡಿ!

ಸ್ವರ್ಗದ ಬಾಗಿಲಲ್ಲಿ ಕೂತಿದ್ದವರು ಮಾತ್ರ ಇಂದ್ರನಲ್ಲ, ದೂರ್ವಾಸರು. ಈ ಹೆಸರು ನಾವಿಟ್ಟದ್ದು. ಎದುರಿಗೆ ನಿಂತರೆ "ಯಜಮಾನ್ರೇ" ಅಂತಲೇ ಕರೆಯಬೇಕು. ಬಿಳಿ ಪಂಚೆ, ಅರ್ಧ ತೋಳಿನ ಷರ್ಟು, ಮೂಗಿನ ತುದಿಯಲ್ಲಿ ಕನ್ನಡಕ. ಅಂಗಡಿಯಲ್ಲಿ ಎಲ್ಲಾ ಸಿಗುತ್ತಿತ್ತು, ನಗು ಒಂದು ಬಿಟ್ಟು. ಅದು ಸ್ಟಾಕ್ ಇಲ್ಲ!

ಪ್ಲೇಟು ತೆಗೆದುಕೊಳ್ಳಲು ಕೈ ಚಾಚಿದರೆ ಸಾಕು, "ಅಂಚು ಹಿಡಿಯಯ್ಯಾ! ಹೊಟ್ಟೆ ಮೇಲೆ ಕೈ ಇಡ್ತೀಯಲ್ಲ, ಅದೇನು ರೊಟ್ಟೀನಾ?" ಎಂಬ ಗರ್ಜನೆ. ಅವರ ಗೋಡೆಯ ಕಪಾಟಿನಲ್ಲಿ ಕೈಜಾರಿದರೆ ಚೂರಾಗುವ ಹಳೇ 78ರ ಅರಗಿನ ಪ್ಲೇಟುಗಳಿದ್ದವು. ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷದ ಹಾಡು, ಮುಗಿಯಿತು. ಆಮೇಲೆ ಬಂದ 45ರ ಪುಟ್ಟ ಇ.ಪಿ.ಗಳು, 33ರ ದೊಡ್ಡ ಎಲ್.ಪಿ.ಗಳು. ಎಲ್ಲವೂ ನೆಟ್ಟಗೆ ನಿಂತಿರಬೇಕು. ಒಂದರ ಮೇಲೊಂದು ಮಲಗಿಸಿದವನು ಆ ದಿನ ಅಂಗಡಿಯಿಂದ ಗಡಿಪಾರು.

ದೊಡ್ಡ ಗಿರಾಕಿಗಳು ಯಾರು ಗೊತ್ತೇ? ಮದುವೆ, ಗಣೇಶನ ಪೆಂಡಾಲಿನ ಮೈಕ್‌ಸೆಟ್‌ನವರು, ಟೂರಿಂಗ್ ಟಾಕೀಸಿನವರು. ಟೆಂಟಿನಲ್ಲಿ ಘಂಟಸಾಲರ ವೆಂಕಟೇಶ ಸ್ತುತಿ ಹಾಕಿದರೆಂದರೆ ಊರಿಗೆಲ್ಲ ಆಟ ಶುರುವಾಗುವ ಸೂಚನೆ. ಹಾಗಾಗಿ ಆ ಪ್ಲೇಟು ಸವೆದು ಸವೆದು, ಮತ್ತೆ ಮತ್ತೆ ಹೊಸದು ಕೊಳ್ಳಬೇಕಾಗುತ್ತಿತ್ತು.

ನಮ್ಮಂಥ ಪಡ್ಡೆಗಳಿಗೆ ಮಾತ್ರ ದೂರ್ವಾಸರ ಪರೀಕ್ಷೆ ಬೇರೆಯೇ. ಒಮ್ಮೆ ತುಮಕೂರು ಕಡೆಯ ಹುಡುಗನೊಬ್ಬ ಬಂದು, "ಅಣ್ಣಾವ್ರ 'ಕಸ್ತೂರಿ ನಿವಾಸ' ಕೊಡಿ ಯಜಮಾನ್ರೇ" ಎಂದ.

"ಹಾಡಿರೋರು ಯಾರು?"

"ಅಣ್ಣಾವ್ರೇ!"

ಶುರುವಾಯಿತು ನೋಡಿ ಗುಡುಗು! "ಪರದೆ ಮೇಲೆ ತುಟಿ ಆಡಿಸಿದೋರು ಅವರು. ಕಂಠ ಪಿ.ಬಿ. ಶ್ರೀನಿವಾಸ್‌ದು ಕಣಯ್ಯಾ! ಸಂಗೀತ ಜಿ.ಕೆ. ವೆಂಕಟೇಶ್‌ದು. ಓದೋಕೆ ಬರಲ್ವಾ? ಲೇಬಲ್ ನೋಡು!"

ಹುಡುಗನ ಮುಖ ಇಷ್ಟಗಲ ಆಯಿತು. ದೂರ್ವಾಸರು ಬೈಯುತ್ತಲೇ ಪ್ಲೇಟು ಹಾಕಿ, ಸೂಜಿ ಇಟ್ಟು ಕೇಳಿಸಿದರು. ರಾಜ್ ಮೊದಲು ಆಗೊಂದು ಈಗೊಂದು ಹಾಡಿದ್ದುಂಟು, 1959ರ 'ಮಹಿಷಾಸುರ ಮರ್ದಿನಿ'ಯಲ್ಲಿ ಜಾನಕಿಯವರ ಜೊತೆ ಹಾಡಿದಂತೆ. ಆದರೆ ಅವರು ತಮ್ಮ ಚಿತ್ರಗಳ ಖಾಯಂ ಗಾಯಕರಾದದ್ದು 1974ರ 'ಸಂಪತ್ತಿಗೆ ಸವಾಲ್' ಆದಮೇಲೆ. ಅದರ ಸಂಗೀತವೂ ಜಿ.ಕೆ. ವೆಂಕಟೇಶರದೇ. ಅವರ ಬಳಿ ಸಹಾಯಕರಾಗಿ ದುಡಿದ ಒಬ್ಬರು 1981ರಲ್ಲಿ ಶಂಕರ್‌ನಾಗ್ 'ಗೀತಾ'ಗೆ ಸಂಗೀತ ಕೊಟ್ಟರು. ಯಾರು? ಇಳಯರಾಜಾ! ಇಂಥ ಸಂಬಂಧಗಳನ್ನೆಲ್ಲ ನಾವು ಕಲಿತದ್ದು ಪುಸ್ತಕದಿಂದಲ್ಲ, ಬೈಗುಳದಿಂದ.

ಕೊನೆಗೆ ಆ ಹುಡುಗನಿಗೆ ಪ್ಲೇಟನ್ನು ಪೇಪರಿನಲ್ಲಿ ಸುತ್ತಿ ಕೊಟ್ಟು, "ಬಸ್ಸಲ್ಲಿ ಬಿಸಿಲು ಬೀಳೋ ಕಡೆ ಇಡಬೇಡ, ಸೊಟ್ಟ ಆಗುತ್ತೆ" ಅಂದರು. ಅದು ಅವರ ಪ್ರೀತಿಯ ಭಾಷೆ!

ಆಮೇಲೆ ಕ್ಯಾಸೆಟ್ಟುಗಳ ಕಾಲ ಬಂತು. 1978ರಲ್ಲಿ ನಿಸಾರ್ ಅಹಮದ್ ಅವರ 'ನಿತ್ಯೋತ್ಸವ' ಬಂದಾಗ ದೂರ್ವಾಸರೂ ಕ್ಯಾಸೆಟ್ಟಿಗೊಂದು ಕಪಾಟು ಕೊಟ್ಟರು. ಆದರೆ 80ರ ದಶಕದಲ್ಲಿ ಗಲ್ಲಿಗಲ್ಲಿಗೂ ರೆಕಾರ್ಡಿಂಗ್ ಅಂಗಡಿ! ಖಾಲಿ ಕ್ಯಾಸೆಟ್ಟು, ಜೊತೆಗೊಂದು ಹಾಡಿನ ಚೀಟಿ ಕೊಟ್ಟರೆ ಸಂಜೆಗೆ ರೆಡಿ. ಒಂದು ಕಡೆ ಅಣ್ಣಾವ್ರು, ಇನ್ನೊಂದು ಕಡೆ ವಿಷ್ಣು. ದೂರ್ವಾಸರ ಕಪಾಟಿನಲ್ಲಿದ್ದ ಸರಕಿಗೆ ಈ ದಂಧೆ ಮಾಡಿದ್ದರೆ ಮನೆ ಮೇಲೆ ಮನೆ ಕಟ್ಟಬಹುದಿತ್ತು. ಮಗನೂ ಗೋಗರೆದ. ಮುದುಕರು ಜಗ್ಗಲಿಲ್ಲ.

"ಹಾಡಿದವನಿಗೆ ಕಾಸಿಲ್ಲ, ಬರೆದವನ ಹೆಸರಿಲ್ಲ. ಇದು ವ್ಯಾಪಾರ ಅಲ್ಲ, ಜೇಬುಗಳ್ಳತನ" ಅಂದರು. ಗಿರಾಕಿ ಕರಗಿದರು. ಬಾಡಿಗೆ ಏರಿತು. 1990ರ ದಶಕದ ಆರಂಭದಲ್ಲಿ ಅಂಗಡಿ ಮುಚ್ಚುವುದು ಖಚಿತವಾಯಿತು.

ಕೊನೆಯ ವಾರ ಬಾಗಿಲಿಗೆ ಒಂದು ರಟ್ಟು ತೂಗುಹಾಕಿದ್ದರು: 'ಮೂರು ಹೆಸರು ಹೇಳಿದವರಿಗೆ ಅರ್ಧ ಬೆಲೆ.' ಹಾಡಿದವರು, ಬರೆದವರು, ಸಂಗೀತ ಕೊಟ್ಟವರು!

ನಾನಿದ್ದ ದಿನ ಖಾಕಿ ಷರ್ಟಿನ ಆಟೋದವನೊಬ್ಬ ಬಂದ. 1974ರ 'ಎರಡು ಕನಸು' ಪ್ಲೇಟು ಎತ್ತಿಕೊಂಡು ಪಟಪಟ ಹೇಳಿದ. "ಪಿ.ಬಿ.ಎಸ್., ವಾಣಿ ಜಯರಾಂ. ಚಿ. ಉದಯಶಂಕರ್. ರಾಜನ್-ನಾಗೇಂದ್ರ." ದೂರ್ವಾಸರು ತಲೆಯಾಡಿಸಿದರು. ಅವನು ಸುಮ್ಮನಿರಬೇಕಲ್ಲ! "ಯಜಮಾನ್ರೇ, ಪಿಟೀಲು ಬಾರಿಸಿದೋರು ಯಾರು?"

ಅಂಗಡಿ ನಿಶ್ಶಬ್ದ. ದೂರ್ವಾಸರು ಕನ್ನಡಕ ತೆಗೆದು ಒರೆಸಿದರು. ಲೇಬಲ್ ನೋಡಿದರು, ಕವರ್ ತಿರುಗಿಸಿದರು. "ಅವರ ಹೆಸರು ಹಾಕಲೇ ಇಲ್ಲ ಕಣಯ್ಯಾ..." ಅಂದರು ಮೆಲ್ಲಗೆ. ಆ ಪ್ಲೇಟಿಗೆ ದುಡ್ಡು ತೆಗೆದುಕೊಳ್ಳಲಿಲ್ಲ.

ಈಗ ಆ ಮೆಟ್ಟಿಲೂ ಇಲ್ಲ, ಅಂಗಡಿಯೂ ಇಲ್ಲ. ಚಿ. ಉದಯಶಂಕರ್ 1993ರಲ್ಲಿ, ಪಿ.ಬಿ.ಎಸ್. 2013ರಲ್ಲಿ, ರಾಜನ್ 2020ರಲ್ಲಿ ಹೋದರು. ಹಾಡುಗಳು ಮಾತ್ರ ಜೇಬಿನ ಫೋನಿನಲ್ಲೇ ಇವೆ, ಬೆರಳು ತಾಗಿಸಿದರೆ ಸಾಕು. ಆದರೆ ಯಾರ ಹಾಡು ಅಂತ ಕೇಳಿ ಬೈಯುವವರು ಯಾರು?

ಗೆಳೆಯರೇ, ಹೀರೋ ಹೆಸರು ಬಂದಾಗ ಶಿಳ್ಳೆ ಹೊಡೆಯಿರಿ, ಬೇಡ ಅನ್ನೋಲ್ಲ. ಸಂಗೀತ ಕೊಟ್ಟವರ ಹೆಸರು ಬಂದಾಗಲೂ ಒಂದು ಹೊಡೆಯಿರಿ. ಹೆಸರೇ ಬಾರದ ಆ ಪಿಟೀಲಿನವರಿಗೆ ಇನ್ನೊಂದು!