ಸೇಬಿನ ತೋಟದ ಬಂದಳಿಕೆ ಸಂತೆ

ಲಡ್ಲೋ ಸ್ಟೇಷನ್ನಿನಲ್ಲಿ ರೈಲಿಳಿದು ಟೆನ್‌ಬರಿ ವೆಲ್ಸ್ ಕಡೆಗೆ ಹೊರಟರೆ ಅಲ್ಲಲ್ಲಿ ಹಳೆಯ ಸೇಬಿನ ತೋಟಗಳು ಸಿಗುತ್ತವೆ. ನವೆಂಬರ್ ಕೊನೆಯಾದ್ದರಿಂದ ಒಂದು ಮರದಲ್ಲೂ ಎಲೆಯಿಲ್ಲ. ಆದರೆ ಬೋಳು ಕೊಂಬೆಗಳ ಮಧ್ಯೆ ಕಾಗೆಗೂಡಿನಂತೆ ದುಂಡಗೆ, ಹಳದಿ ಬೆರೆತ ಹಸಿರು ಪೊದೆಗಳು. ಅದೇನೆಂದು ಮಲೆನಾಡಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಬಂದಳಿಕೆ! ನಮ್ಮಲ್ಲಿ ಮಾವಿನ ಮರಕ್ಕೆ ಹಿಡಿದರೆ ಕತ್ತಿ ಸಿಕ್ಕಿಸಿಕೊಂಡು ಹತ್ತಿ, ಬೈಯುತ್ತ ಕಡಿದು ಎಸೆಯುತ್ತೇವೆ. ಅದರ ದೂರದ ದಾಯಾದಿಯಾದ ಮಿಸಲ್‌ಟೋವನ್ನು ಇಂಗ್ಲೆಂಡಿನವರು ಕ್ರಿಸ್‌ಮಸ್‌ಗೆ ದುಡ್ಡು ಕೊಟ್ಟು ಕೊಂಡು ಮನೆಯೊಳಗೆ ತೂಗುಹಾಕುತ್ತಾರೆ.

ಟೆನ್‌ಬರಿ ಸಣ್ಣ ಊರು. ವುಸ್ಟರ್‌ಶೈರ್, ಹೆರೆಫರ್ಡ್‌ಶೈರ್, ಶ್ರಾಪ್‌ಶೈರ್ ಮೂರೂ ಕೌಂಟಿಗಳು ಕೂಡುವ ಮೂಲೆಯಲ್ಲಿ, ಟೀಮ್ ನದಿಯ ದಂಡೆಯ ಮೇಲಿದೆ. ನೂರು ವರ್ಷಕ್ಕೂ ಮಿಕ್ಕಿ ಇಲ್ಲಿ ಕ್ರಿಸ್‌ಮಸ್ ಹಸಿರಿನ ಹರಾಜು ನಡೆಯುತ್ತ ಬಂದಿದೆ. ಒಂದು ಕಾಲದಲ್ಲಿ ಇಲ್ಲಿಂದ ರೈಲಿನಲ್ಲೇ ಸರಕು ಹೋಗುತ್ತಿತ್ತು; 1960ರ ದಶಕದಲ್ಲಿ ಆ ಹಳಿಯೂ ಮುಚ್ಚಿತು. ಈಗ ಹರಾಜು ನದಿಯ ಆಚೆ ಬದಿ, ಬರ್ಫರ್ಡ್ ಹೌಸ್ ಆವರಣದಲ್ಲಿ.

ಬೆಳಿಗ್ಗೆ ಹೋದಾಗ ನೆಲದ ಮೇಲೆ ಸಾಲುಸಾಲಾಗಿ ಕಟ್ಟುಗಳು ಬಿದ್ದಿದ್ದವು. ಒಂದು ಕಡೆ ಸುತಲಿಯಲ್ಲಿ ಬಿಗಿದ ಮಿಸಲ್‌ಟೋ, ಇನ್ನೊಂದು ಕಡೆ ಹಾಲಿ ಎಂಬ ಮುಳ್ಳೆಲೆಯ ಮರದ ಕೆಂಪು ಕಾಯಿಯ ಕೊಂಬೆಗಳು, ಅದರಾಚೆ ಸಿಂಬಿಯಾಗಿ ಸುತ್ತಿ ಕಟ್ಟಿದ ಬಾಗಿಲ ಮಾಲೆಗಳು. ಹರಾಜುದಾರ ಸಾಲಿನುದ್ದಕ್ಕೂ ನಡೆಯುತ್ತ ಸವಾಲು ಕೂಗುತ್ತಾನೆ, ಕೊಳ್ಳುವವರ ಗುಂಪು ಬಾಯಿಂದ ಹಬೆ ಬಿಡುತ್ತ ಅವನ ಹಿಂದೆ ಸರಿಯುತ್ತದೆ. ತಲೆ ಅಲ್ಲಾಡಿಸಿದರೂ ಸಾಕು, ವ್ಯಾಪಾರ ಕುದುರಿತು. ನಾನಂತೂ ಕತ್ತು ನೆಟ್ಟಗೆ ಇಟ್ಟುಕೊಂಡೇ ನಿಂತಿದ್ದೆ.

ಒಂದು ಕಟ್ಟನ್ನು ಬಗ್ಗಿ ನೋಡಿದೆ. ಪ್ರತಿ ಗೆಣ್ಣಿನಲ್ಲೂ ಕಾಂಡ ಎರಡಾಗಿ ಕವಲೊಡೆದು, ತುದಿಯಲ್ಲಿ ಜೋಡಿ ಎಲೆ, ಎಲೆಗಳ ಸಂದಿನಲ್ಲಿ ಮುತ್ತಿನ ಬಣ್ಣದ ಹಣ್ಣು. ಹಿಸುಕಿದರೆ ಬೆರಳಿಗಂಟುವ ಲೋಳೆ. ಮಿಸಲ್ ತ್ರಷ್ ಎಂಬ ಹಕ್ಕಿ ಹಣ್ಣನ್ನು ಇಡಿಯಾಗಿ ನುಂಗಿ ಬೀಜವನ್ನು ಹಿಕ್ಕೆಯಲ್ಲಿ ಉದುರಿಸುತ್ತದೆ. ಬ್ಲ್ಯಾಕ್‌ಕ್ಯಾಪ್ ಸಿಪ್ಪೆ, ತಿರುಳು ತಿಂದು ಕೊಕ್ಕಿಗೆ ಮೆತ್ತಿದ ಬೀಜವನ್ನು ಕೊಂಬೆಗೆ ಒರೆಸುತ್ತದೆ. ನಮ್ಮ ಬಂದಳಿಕೆಗೆ ಪುಟಾಣಿ ಹೂಕುಟುಕ ಮಾಡಿಕೊಡುವ ಕೆಲಸವೂ ಇಂಥದೇ.

ಸರಕು ತಂದಿದ್ದ ತೋಟದವರೊಬ್ಬರು ವಯಸ್ಸಾದವರು. ಇದು ನಿಮ್ಮ ಮರ ಹಾಳುಮಾಡುವುದಿಲ್ಲವೇ ಎಂದು ಕೇಳಿದೆ. ಮಾಡದೆ ಏನು, ಅದಕ್ಕೇ ವರ್ಷವರ್ಷ ಕಡಿಯುವುದು ಎಂದರು. ಮಿಸಲ್‌ಟೋ ತನ್ನ ಆಹಾರ ತಾನೇ ಮಾಡಿಕೊಂಡರೂ ನೀರು, ಲವಣವನ್ನು ಮರದಿಂದ ಹೀರುತ್ತದೆ. ಬಿಟ್ಟರೆ ಸೇಬಿನ ಮರವೇ ಸೊರಗುತ್ತದೆ. ದೋಟಿಗೆ ಗರಗಸ ಕಟ್ಟಿ ಇಳಿಸಿದರೆ ಮರಕ್ಕೆ ಉಸಿರು, ಹಬ್ಬಕ್ಕೆ ಕಾಸು. ಇದರಲ್ಲೊಂದು ತೊಡಕೂ ಇದೆ. ಹಣ್ಣು ಬಿಡುವುದು ಹೆಣ್ಣು ಗಿಡ ಮಾತ್ರ, ಮಾರಾಟವಾಗುವುದೂ ಅದೇ. ಆಸೆಗೆ ಬಿದ್ದು ಹೆಣ್ಣನ್ನಷ್ಟೇ ಕಡಿಯುತ್ತ ಹೋದವರ ತೋಟದಲ್ಲಿ ಗಂಡು ಪೊದೆಗಳು ಕೊಬ್ಬಿ ಮರವನ್ನೇ ಮುಚ್ಚಿಬಿಡುತ್ತವೆ. ಹಳೆಯ ತೋಟಗಳು ಎಷ್ಟೋ ಕಡೆ ಹೀಗೆ ಸೊರಗಿವೆ. ಇನ್ನೆಷ್ಟೋ ಬೇರೆ ಬೆಳೆಗೆ ಜಾಗ ಬಿಟ್ಟು ಹೋಗಿವೆ. ಮರ ಹೋದಲ್ಲಿ ಮಿಸಲ್‌ಟೋವೂ ಇಲ್ಲ.

ಹಾಲಿಯಲ್ಲೂ ಕಾಯಿ ಹೆಣ್ಣು ಮರಕ್ಕೇ. ಕೈಗೆಟಕುವ ಕೆಳಗಿನ ಎಲೆಗಳಲ್ಲಿ ಮುಳ್ಳು ಜಾಸ್ತಿ, ಮರದ ನೆತ್ತಿಯ ಎಲೆಗಳು ನುಣುಪು. ಮೇಯುವ ದನ, ಜಿಂಕೆಗಳಿಗೆ ಎಟುಕದ ಕಡೆ ಮುಳ್ಳೇಕೆ ಎಂದು ಮರಕ್ಕೂ ಲೆಕ್ಕವಿದ್ದೀತು.

ಕ್ರಿಸ್‌ಮಸ್ ಮರ ಇಂಗ್ಲೆಂಡಿನ ಮನೆಮನೆಗೂ ಬಂದದ್ದು ವಿಕ್ಟೋರಿಯಾ ರಾಣಿಯ ಕಾಲದಲ್ಲಿ. ಈ ಸೊಪ್ಪುಸದೆಯ ಸಿಂಗಾರ ಅದಕ್ಕಿಂತ ಬಹಳ ಹಳೆಯದು. 1598ರಲ್ಲಿ ಲಂಡನ್ನಿನ ವರ್ಣನೆ ಬರೆದ ಜಾನ್ ಸ್ಟೋ, ಮನೆಗಳನ್ನೂ ಚರ್ಚುಗಳನ್ನೂ ಐವಿ ಬಳ್ಳಿ, ಬೇ ಎಲೆಗಳಿಂದ ಅಲಂಕರಿಸುತ್ತಿದ್ದುದನ್ನು ದಾಖಲಿಸಿದ್ದಾನೆ. 1647ರಲ್ಲಿ ಪ್ಯೂರಿಟನ್ನರೆಂಬ ಕಟ್ಟಾ ಪ್ರಾಟೆಸ್ಟಂಟರ ಪಾರ್ಲಿಮೆಂಟು ಕ್ರಿಸ್‌ಮಸ್ ಹಬ್ಬವನ್ನೇ ರದ್ದುಮಾಡಿತು. ಆ ಡಿಸೆಂಬರ್ 25ರಂದು ಕ್ಯಾಂಟರ್‌ಬರಿಯಲ್ಲಿ ಅಂಗಡಿ ತೆರೆಸಲು ಹೊರಟ ಮೇಯರ್ ವಿರುದ್ಧ ಜನ ದಂಗೆಯೆದ್ದರು. ಬಾಗಿಲುಗಳಿಗೆ ಹಾಲಿ ಕೊಂಬೆ ಕಟ್ಟಿದರು. ಹಬ್ಬದ ಸೊಪ್ಪು ಆವತ್ತು ಬಂಡಾಯದ ಬಾವುಟ.

ನಾನು ಉಳಿದುಕೊಂಡಿದ್ದ ಮನೆಯ ಅಜ್ಜಿ ಕಟ್ಟುನಿಟ್ಟಿನವರು. ಹಸಿರು ಮನೆಯೊಳಗೆ ಬರುವುದು ಕ್ರಿಸ್‌ಮಸ್ ಹಿಂದಿನ ದಿನವೇ. ಅಲ್ಲಿಯವರೆಗೆ ಹಿತ್ತಲ ಕೊಟ್ಟಿಗೆಯ ತಂಪಿನಲ್ಲಿ, ನೀರಿನ ಬಕೆಟ್ಟಿನಲ್ಲಿ. ಹೀಟರಿನ ಹತ್ತಿರ ಇಟ್ಟರೆ ಹಣ್ಣು ಸುಕ್ಕಾಗಿ ಉದುರುತ್ತದಂತೆ. ಹಣ್ಣು ವಿಷ, ಮಕ್ಕಳ ಕೈಗೆ ಸಿಗಬಾರದು. ಐವಿ ಮೆಟ್ಟಿಲ ಕಟಾಂಜನಕ್ಕೆ, ಹಾಲಿ ಬೆಂಕಿಗೂಡಿನ ಮೇಲೆ, ಮಿಸಲ್‌ಟೋ ಬಾಗಿಲ ಚೌಕಟ್ಟಿಗೆ. ಅದರಡಿ ಸಿಕ್ಕವರಿಗೆ ಮುತ್ತು ಕೊಡಬಹುದು, ಒಂದು ಮುತ್ತಿಗೆ ಒಂದು ಹಣ್ಣು ಕಿತ್ತು. ಹಣ್ಣು ಮುಗಿದರೆ ಮುತ್ತೂ ಮುಗಿಯಿತು. ಜನವರಿ 6ರ ಹೊತ್ತಿಗೆ ಎಲ್ಲ ಇಳಿಸಬೇಕು. ಪಕ್ಕದ ಹೆರೆಫರ್ಡ್‌ಶೈರಿನ ಹಳೆಯ ರೂಢಿಯೇ ಬೇರೆ: ಹೊಸ ವರ್ಷದ ರಾತ್ರಿ ಹನ್ನೆರಡಕ್ಕೆ ಹೊಸ ಗೊಂಚಲು ಕಟ್ಟಿ, ವರ್ಷವಿಡೀ ತೂಗಿದ್ದ ಹಳತನ್ನು ಸುಡುವುದು.

ಅಜ್ಜಿಯ ಹಿತ್ತಲಲ್ಲಿ ಎಳೆಯ ಸೇಬಿನ ಮರವೊಂದಿತ್ತು. ಅದಕ್ಕೆ ಬಂದಳಿಕೆ ಹತ್ತಿಸಬೇಕೆಂಬುದು ಅವರ ಹಟ! ಕ್ರಿಸ್‌ಮಸ್‌ನ ಹಣ್ಣು ಬೀಜಕ್ಕೆ ಆಗದು, ಫೆಬ್ರವರಿಯಲ್ಲಿ ಮಾಗಿದ್ದನ್ನು ಎಳೆಕೊಂಬೆಗೆ ಒರೆಸಬೇಕು, ಆಮೇಲೆ ಮೊದಲ ಹಣ್ಣಿಗೆ ನಾಲ್ಕೈದು ವರ್ಷ ಕಾಯಬೇಕು, ಅದೂ ಹೆಣ್ಣಾದರೆ. ಬಂದದ್ದು ಗಂಡಾದರೇನು ಮಾಡುತ್ತೀರಿ ಎಂದೆ. ಮತ್ತೊಂದು ಕೊಂಬೆಗೆ ಒರೆಸುತ್ತೇನೆ ಎಂದರು.