ಮೇಜಿನ ಕೆಳಗಿನ ಎಣಿಕೆ

ಟ್ರಿನಿಡಾಡಿನ ಸೇಂಟ್ ಅಗಸ್ಟೀನ್‌ನಲ್ಲಿದ್ದ ಆ ಬಾಡಿಗೆ ಮನೆಯಲ್ಲಿ ಭೂಕಂಪದ ಸುದ್ದಿಯನ್ನು ಎಲ್ಲರಿಗಿಂತ ಮೊದಲು ಹೇಳುತ್ತಿದ್ದುದು ಹಜಾರದ ಗಾಜಿನ ಬೀರು. ಅದರೊಳಗೆ ಮನೆಯೊಡತಿ ಜೋಡಿಸಿಟ್ಟಿದ್ದ ಬಣ್ಣದ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು. ಬೀದಿಯಲ್ಲಿ ಲಾರಿ ಹೋದರೂ ಹಾಗೆಯೇ. ಲಾರಿಯೋ ಭೂಮಿಯೋ ಎಂಬುದು ತೀರ್ಮಾನವಾಗಲು ನಾಲ್ಕೈದು ಸೆಕೆಂಡು ಬೇಕು. ಅಷ್ಟರಲ್ಲಿ ತಾಯಿ ಮಗನ ರಟ್ಟೆ ಹಿಡಿದು ಬಾಗಿಲಿನತ್ತ ಓಡಿಯಾಗಿರುತ್ತಿತ್ತು.

ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಕುಟುಂಬ ಅದು. ಗಂಡನಿಗೆ ಪಾಯಿಂಟ್ ಲಿಸಾಸ್‌ನ ಅಮೋನಿಯ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸ. 2016ರಲ್ಲಿ ಅವರು ಅಲ್ಲಿಗೆ ಹೋದಾಗ ಮಗನಿಗೆ ಒಂಬತ್ತು ವರ್ಷ. ಮೇಲ್ಮಹಡಿಯಲ್ಲಿ ಮನೆಯೊಡತಿ ಇದ್ದರು, ಎಂಬತ್ತರ ಹತ್ತಿರದ ಮುದುಕಿ. ಓಣಿಯವರೆಲ್ಲ ಅವರನ್ನು 'ಆಜಿ' ಎನ್ನುತ್ತಿದ್ದರು. ಕೇಳಿದ ಮೊದಲ ದಿನ ಹುಡುಗನಿಗೆ ಇದು ಕನ್ನಡದ ಅಜ್ಜಿಯೇ ಎನಿಸಿತ್ತು. ಅದು ಭೋಜಪುರಿಯಿಂದ ಬಂದದ್ದು. 1845ರಿಂದ ಕಬ್ಬಿನ ತೋಟಗಳಿಗೆ ಹಡಗಿನಲ್ಲಿ ಕೂಲಿಗಳಾಗಿ ಹೋದವರ ಮೊಮ್ಮಕ್ಕಳು ಇಂದಿಗೂ ತಂದೆಯ ತಾಯಿಯನ್ನು ಕರೆಯುವುದು ಹಾಗೆಯೇ. ಅಂಗಳದಲ್ಲಿ ಬಿದಿರಿನ ಗಳಕ್ಕೆ ಕಟ್ಟಿದ ಪೂಜೆಯ ಬಾವುಟಗಳು, ಮೆಟ್ಟಿಲ ಕೆಳಗೆ ಸದಾ ಮಲಗಿರುವ ಒಂದು ಬೀದಿ ನಾಯಿ.

ಸಣ್ಣ ಕಂಪನ ಬಂದಾಗಲೆಲ್ಲ ಆಜಿ ಮೇಲಿನಿಂದಲೇ ಕೂಗಿ ಹೇಳುತ್ತಿದ್ದರು: "ಹೆದರಬೇಡ ಮಗಳೇ, ಭೂಮಿ ಮೈಮುರಿಯಿತು ಅಷ್ಟೆ. ಹೀಗೆ ಸ್ವಲ್ಪ ಸ್ವಲ್ಪ ಮುರಿದುಕೊಂಡರೆ ದೊಡ್ಡದು ಬರುವುದಿಲ್ಲ."

ಮಗಳಿಗೆ ಅದು ಸಮಾಧಾನ ತರುತ್ತಿರಲಿಲ್ಲ. ಆಕೆಯ ಓಟಕ್ಕೆ ಹಳೆಯ ಕಾರಣವಿತ್ತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಾಲ್ಕು ಗಂಟೆಗೆ ಇನ್ನೂ ಕೆಲವು ನಿಮಿಷ ಇರುವಾಗ, ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಗಣಪತಿಯನ್ನು ನೀರಿಗೆ ಬಿಟ್ಟು ಬಂದು ಜನ ಮಲಗಿದ್ದ ರಾತ್ರಿ ಅದು. ಹತ್ತು ಸಾವಿರದಷ್ಟು ಮಂದಿ ಸತ್ತರು. ಆಗ ಆಕೆಗೆ ಹತ್ತು ವರ್ಷ. ಚಿಂಚೋಳಿ ಕಡೆಯ ಹಳ್ಳಿಯಲ್ಲೂ ಪಾತ್ರೆಗಳು ಉರುಳಿದವು. ಅವ್ವ ಆಕೆಯ ರಟ್ಟೆ ಹಿಡಿದು ಅಂಗಳಕ್ಕೆ ಎಳೆದಳು. ಅವರ ಮನೆಗೆ ಏನೂ ಆಗಲಿಲ್ಲ. ಆದರೆ ಲಾತೂರು ಕಡೆ ಕೊಟ್ಟಿದ್ದ ಸೋದರತ್ತೆಯ ಮನೆ ಕಲ್ಲಿನ ರಾಶಿಯಾಗಿತ್ತು. ಕಾಡುಕಲ್ಲನ್ನು ಮಣ್ಣಿನಲ್ಲಿ ಕೂರಿಸಿದ ದಪ್ಪ ಗೋಡೆ, ಅದರ ಮೇಲೆ ಅಡಿಗಟ್ಟಲೆ ಮಣ್ಣು ಹೊತ್ತ ಮಾಳಿಗೆ. ಅಂಥ ಮನೆಯಲ್ಲಿ ಒಳಗೆ ಉಳಿದವರು ಉಳಿಯಲಿಲ್ಲ. ಅಂದಿನಿಂದ ಆಕೆಯ ಮೈಗೆ ಗೊತ್ತಿದ್ದ ಪಾಠ ಒಂದೇ: ನೆಲ ಅಲುಗಿದರೆ ಹೊರಗೆ ಓಡು.

ಟ್ರಿನಿಡಾಡಿನಲ್ಲಿ ನೆಲ ಅಲುಗುವುದೇನೂ ಅಪರೂಪವಲ್ಲ. ಕೆರಿಬಿಯನ್ ಭೂಫಲಕ ದಕ್ಷಿಣ ಅಮೆರಿಕದ ಫಲಕವನ್ನು ಉಜ್ಜಿಕೊಂಡು ವರ್ಷಕ್ಕೆ ಸುಮಾರು 2 ಸೆಂ.ಮೀ. ಪೂರ್ವಕ್ಕೆ ಸರಿಯುತ್ತಿದೆ. ನಮ್ಮ ಉಗುರು ಬೆಳೆಯುವುದಕ್ಕಿಂತ ನಿಧಾನ. ಆ ಉಜ್ಜಾಟದ ಗೆರೆಯ ಮೇಲೆಯೇ ಈ ದ್ವೀಪ ಕುಳಿತಿದೆ. ಇದರ ಉತ್ತರಕ್ಕೆ ಗ್ರೆನಡಾ, ಸೇಂಟ್ ವಿನ್ಸೆಂಟ್, ಮಾರ್ಟಿನಿಕ್ ಎಂದು ಬಿಲ್ಲಿನಂತೆ ಬಾಗಿದ ದ್ವೀಪಸಾಲಿನಲ್ಲಿ ಅಟ್ಲಾಂಟಿಕ್ ಸಾಗರದ ತಳವೇ ಕೆರಿಬಿಯನ್ ಫಲಕದ ಅಡಿಗೆ ನುಗ್ಗುತ್ತಿದೆ. ಅಲ್ಲಿನ ಜ್ವಾಲಾಮುಖಿಗಳಿಗೆ ಅದೇ ಮೂಲ. ಸೇಂಟ್ ಅಗಸ್ಟೀನ್‌ನಲ್ಲಿರುವ ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದ ಭೂಕಂಪ ಸಂಶೋಧನಾ ಕೇಂದ್ರ ಪೂರ್ವ ಕೆರಿಬಿಯನ್ನಿನ ಇಂಗ್ಲಿಷ್ ಮಾತಾಡುವ ದ್ವೀಪಗಳಲ್ಲೆಲ್ಲ ಉಪಕರಣಗಳನ್ನಿಟ್ಟು ಈ ಅಲುಗಾಟಗಳನ್ನು ದಾಖಲಿಸುತ್ತದೆ. ಅದರ ಪಟ್ಟಿಯಲ್ಲಿರುವ ಬಹುಪಾಲು ಕಂಪನಗಳು ಜನರ ಗಮನಕ್ಕೇ ಬರುವುದಿಲ್ಲ. ಬಂದವು ಕೂಡ ಲೋಟ ಅಲುಗಿಸಿ ಹೋಗುವಂಥವು.

ಜಗಳ ಶುರುವಾದದ್ದು ಹುಡುಗನ ಶಾಲೆಯಿಂದ. ಕಂಪನ ಬಂದರೆ ಓಡಬಾರದು, ತಕ್ಷಣ ಕೆಳಗೆ ಬಾಗಿ ಗಟ್ಟಿ ಮೇಜಿನಡಿ ಸೇರಿ ಅದರ ಕಾಲು ಹಿಡಿದುಕೊಳ್ಳಬೇಕು, ಅಲುಗಾಟ ನಿಲ್ಲುವವರೆಗೆ ಏಳಬಾರದು ಎಂದು ಅಲ್ಲಿ ಅಭ್ಯಾಸ ಮಾಡಿಸಿದ್ದರು. ಒಂದು ಸಂಜೆ ಬೀರು ಕಿಣಿಗುಟ್ಟಿತು. ಹುಡುಗ ಊಟದ ಮೇಜಿನಡಿ ನುಸುಳಿದ. ತಾಯಿ ಹೊರಗೆ ಎಳೆದಳು, ಅವನು ಮೇಜಿನ ಕಾಲು ಬಿಡಲಿಲ್ಲ. ಎಳೆದಾಟದಲ್ಲಿ ಅವನ ಹಣೆ ಮೇಜಿನ ಅಂಚಿಗೆ ತಗುಲಿ ಬುಗುಟೆ ಎದ್ದಿತು. ಕಂಪನ ಯಾವಾಗಲೋ ನಿಂತಿತ್ತು. ಆ ಭೂಕಂಪದಿಂದ ಇಡೀ ದ್ವೀಪದಲ್ಲಿ ಆದ ಗಾಯ ಬಹುಶಃ ಅದೊಂದೇ.

"ಗೋಡೆ ಮೈಮೇಲೆ ಬಿದ್ದರ ನಿನ್ನ ಮೇಜು ಏನ್ ಮಾಡ್ತದ?" ಎಂದಳು ತಾಯಿ, ಐಸ್ ಒತ್ತುತ್ತ.

"ಇದು ಕಲ್ಲಿನ ಮನೆ ಅಲ್ಲಮ್ಮಾ" ಎಂದ ಮಗ.

ಅವನ ಮಾತಿನಲ್ಲಿ ಹುರುಳಿತ್ತು. ಆ ಮನೆ ಕಾಂಕ್ರೀಟಿನ ಕಂಬ, ತೊಲೆಗಳ ಮೇಲೆ ನಿಂತದ್ದು. ನಡುವಿನ ಗೋಡೆಗಳಿಗೆ ಅಲ್ಲಿಯ ರೂಢಿಯಂತೆ ಟೊಳ್ಳು ಜೇಡಿಮಣ್ಣಿನ ಬ್ಲಾಕು. ಇಂಥ ಕಟ್ಟಡ ಒಮ್ಮೆಲೇ ಕುಸಿದು ಕೂರುವುದಕ್ಕಿಂತ ಹೆಚ್ಚಾಗಿ ಅದರ ಬಿಡಿ ಭಾಗಗಳು ಉದುರುತ್ತವೆ. ಗಿಲಾವು, ಗಾಜು, ಚಾವಣಿಯ ಅಂಚಿನ ಕೈಪಿಡಿ ಗೋಡೆ. ಇವು ಬೀಳುವುದು ಹೊರಬಾಗಿಲ ಮುಂದೆ, ಮೆಟ್ಟಿಲ ಮೇಲೆ. ಅಂದರೆ ಓಡುವವರು ಹಾಯಬೇಕಾದ ಜಾಗದಲ್ಲಿಯೇ. (ಕಂಬಗಳೇ ದುರ್ಬಲವಾದ ಕಟ್ಟಡದ ಮಾತು ಬೇರೆ, ಅದಕ್ಕೆ ಮೇಜೂ ಮದ್ದಲ್ಲ, ಓಟವೂ ಮದ್ದಲ್ಲ.)

ಹುಡುಗ ಶಾಲೆಯಿಂದ ಇನ್ನೊಂದು ವಿದ್ಯೆಯನ್ನೂ ತಂದಿದ್ದ, ಅದು ಎಣಿಕೆ. ಭೂಕಂಪದಿಂದ ಹೊರಡುವ ಅಲೆಗಳಲ್ಲಿ ಎರಡು ಬಗೆ. ಪ್ರಾಥಮಿಕ ಅಲೆ ಕಲ್ಲನ್ನು ಒತ್ತಿ ಹಿಗ್ಗಿಸುತ್ತ ಸೆಕೆಂಡಿಗೆ ಸುಮಾರು 6 ಕಿ.ಮೀ. ವೇಗದಲ್ಲಿ ಬರುತ್ತದೆ. ಅದೇ ಮೊದಲ ಗುದ್ದು. ನಾಯಿ ಬೊಗಳುವುದು, ಲೋಟ ಕಿಣಿಗುಟ್ಟುವುದು ಆಗ. ದ್ವಿತೀಯಕ ಅಲೆ ನೆಲವನ್ನು ಅಡ್ಡಡ್ಡ ಅಲ್ಲಾಡಿಸುತ್ತ ಸುಮಾರು ಮೂರೂವರೆ ಕಿ.ಮೀ. ವೇಗದಲ್ಲಿ ಹಿಂದಿನಿಂದ ಬರುತ್ತದೆ. ಹಾನಿ ಮಾಡುವುದು ಮುಖ್ಯವಾಗಿ ಇದು. ಎರಡರ ನಡುವಿನ ಸೆಕೆಂಡುಗಳನ್ನು ಎಣಿಸಿ ಎಂಟರಿಂದ ಗುಣಿಸಿದರೆ ಭೂಕಂಪದ ದೂರ ಕಿಲೋಮೀಟರಿನಲ್ಲಿ ಹೆಚ್ಚುಕಡಿಮೆ ಸಿಗುತ್ತದೆ. ಮಿಂಚು ಕಂಡು ಗುಡುಗಿಗಾಗಿ ಎಣಿಸುವ ಲೆಕ್ಕವೇ ಇದು. ಹತ್ತನೆಯ ತರಗತಿಯವರು ಕೊಟ್ಟ ಎರಡು ವೇಗಗಳಿಂದ ಈ 'ಎಂಟು' ಎಲ್ಲಿಂದ ಬಂತೆಂದು ಕಾಗದ ಪೆನ್ಸಿಲ್ ಹಿಡಿದು ಕಂಡುಕೊಳ್ಳಬಹುದು.

ಒಂದು ರಾತ್ರಿ ಹುಡುಗನ ಎಣಿಕೆ ಒಂಬತ್ತಕ್ಕೆ ನಿಂತಿತು. ಎಪ್ಪತ್ತು ಕಿಲೋಮೀಟರು ಎಂದು ಘೋಷಿಸಿದ. ಬೆಳಿಗ್ಗೆ ಸಂಶೋಧನಾ ಕೇಂದ್ರದ ಪ್ರಕಟಣೆ ನೋಡಿದರೆ, ಕಂಪನ ಎದುರಿನ ವೆನೆಜುವೆಲಾದ ಪಾರಿಯಾ ಪರ್ಯಾಯ ದ್ವೀಪದ ಕಡೆಯದು. ದೂರ ಸರಿಹೊಂದಿತು. ತಂದೆಗೆ ಹೆಮ್ಮೆ. ಎಣಿಸಲು ಮೇಜಿನಡಿ ಕೂತಿರಲೇಬೇಕು ಎಂಬುದು ಮಗನ ಹೊಸ ವಾದ. ತಾಯಿ ಮಾತ್ರ ಒಪ್ಪಿರಲಿಲ್ಲ. ಆಕೆ ಬಾಗಿಲ ಬಳಿ ಚಪ್ಪಲಿ, ಬ್ಯಾಟರಿ, ಪಾಸ್‌ಪೋರ್ಟಿನ ಚೀಲ ಇಟ್ಟು ಮಲಗುತ್ತಿದ್ದಳು.

2018ರ ಆಗಸ್ಟ್ 21ರ ಸಂಜೆ ಐದೂವರೆಗೆ ಬೀರು ಮತ್ತೆ ಕಿಣಿಗುಟ್ಟಿತು. ಹುಡುಗ ಮೇಜಿನಡಿ ಸೇರಿ ಎಣಿಸತೊಡಗಿದ. ಒಂಬತ್ತು ದಾಟಿತು, ಹನ್ನೆರಡು ದಾಟಿತು. ತಾಯಿ ಒಲೆ ಆರಿಸಿ ಬಾಗಿಲಿಗೆ ಬಂದವಳು ಅವನನ್ನು ಎಳೆಯಲು ಒಳಕ್ಕೆ ತಿರುಗಿದಳು. "ಎಳೀಬೇಡ, ನೀನೇ ಬಾ. ಎಷ್ಟೊತ್ತಾದರೂ ಎರಡನೇದು ಬಂದೇ ಇಲ್ಲ!" ಎಂದು ಅವನು ಕೂಗಿದ. ಆ ಧ್ವನಿಯಲ್ಲಿ ಆಟ ಇರಲಿಲ್ಲ. ಅಂತರ ಇಷ್ಟು ದೀರ್ಘವಾದರೆ ಭೂಕಂಪ ಬಲು ದೂರದ್ದು. ಅಷ್ಟು ದೂರದ್ದು ಇಷ್ಟು ಜೋರಾಗಿ ಗುದ್ದಿದೆಯೆಂದರೆ ಅದು ದೊಡ್ಡದು. ಹನ್ನೊಂದು ವರ್ಷದ ಹುಡುಗ ಅದನ್ನು ಲೆಕ್ಕ ಹಾಕಿದ್ದ. ತಾಯಿ ಯಾಕೋ ಬಗ್ಗಿದಳು. ಎಣಿಕೆ ಇಪ್ಪತ್ತು ದಾಟುವಷ್ಟರಲ್ಲಿ ನೆಲ ದೋಣಿಯಾಯಿತು.

ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ಇಬ್ಬರೂ ಒಂದೊಂದು ಮೇಜಿನ ಕಾಲು ಹಿಡಿದು ಕೂತಿದ್ದರು. ಗಾಜಿನ ಬೀರು ಮುಗುಚಿ ಬಿತ್ತು. ಮೇಲಿನಿಂದ ಆಜಿಯ ರಾಮನಾಮ ಕೇಳುತ್ತಿತ್ತು. ನಿಂತ ಮೇಲೆ ಹೊರಬಂದು ನೋಡಿದರೆ ಪಕ್ಕದ ಮನೆಯ ಕೈಪಿಡಿ ಗೋಡೆಯ ತುಂಡೊಂದು ಇವರ ಮುಂಬಾಗಿಲಿನ ಮೆಟ್ಟಿಲ ಮೇಲೆ ಒಡೆದು ಬಿದ್ದಿತ್ತು. ತಾಯಿ ಅದನ್ನು ಬಹಳ ಹೊತ್ತು ನೋಡಿದಳು, ಏನೂ ಹೇಳಲಿಲ್ಲ. ಅದು ವೆನೆಜುವೆಲಾ ಕರಾವಳಿಯ 7.3ರ ಭೂಕಂಪ. ಮೂಲ ನೂರು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿತ್ತು. ಟ್ರಿನಿಡಾಡಿನಲ್ಲಿ ಅಂಗಡಿಗಳ ಸಾಮಾನು ಚೆಲ್ಲಿತು, ಇಟ್ಟಿಗೆಗಳು ಉದುರಿ ಕಾರುಗಳು ಜಖಂಗೊಂಡವು, ಜೀವಹಾನಿ ಆಗಲಿಲ್ಲ. 2010ರ ಜನವರಿ 12ರಂದು ಹೈಟಿಯಲ್ಲಿ ಲಕ್ಷಕ್ಕೂ ಹೆಚ್ಚು ಜನರನ್ನು ಕೊಂದ ಭೂಕಂಪ ಪರಿಮಾಣದಲ್ಲಿ ಇದಕ್ಕಿಂತ ಚಿಕ್ಕದು, 7.0. ಆದರೆ ಅದರ ಆಳ ಹದಿಮೂರು ಕಿಲೋಮೀಟರು ಮಾತ್ರ, ರಾಜಧಾನಿಗೆ ಹತ್ತಿರ, ಮನೆಗಳು ಪೊಳ್ಳು.

ಆಜಿ ಮರುದಿನ ಕೊಂಚ ಸಪ್ಪಗಿದ್ದರು. ಇಷ್ಟು ವರ್ಷ ಸ್ವಲ್ಪ ಸ್ವಲ್ಪ ಮೈಮುರಿದದ್ದೆಲ್ಲ ಎಲ್ಲಿ ಹೋಯಿತು ಎಂಬುದು ಅವರ ಪ್ರಶ್ನೆ. ಹುಡುಗ ಅವರ ಮುಂದೆ ಲೆಕ್ಕ ಮಾಡಿ ತೋರಿಸಿದ. ಪರಿಮಾಣ ಒಂದು ಅಂಕಿ ಏರಿದರೆ ಹೊರಬೀಳುವ ಶಕ್ತಿ ಸುಮಾರು 32 ಪಟ್ಟು. 7ರ ಒಂದು ಭೂಕಂಪದ ಶಕ್ತಿಯನ್ನು 4ರ ಕಂಪನಗಳಿಂದ ಖರ್ಚು ಮಾಡಬೇಕಾದರೆ ಸುಮಾರು 32 ಸಾವಿರ ಕಂಪನ ಬೇಕು. ದಿನಕ್ಕೊಂದು ಬಂದರೂ 87 ವರ್ಷ! "ನನ್ನ ವಯಸ್ಸಿಗಿಂತ ಹೆಚ್ಚಾಯಿತಲ್ಲೋ" ಎಂದರು ಆಜಿ. ಸಣ್ಣ ಕಂಪನ ದೊಡ್ಡದನ್ನು ತಪ್ಪಿಸುವುದಿಲ್ಲ. ಹಾಗೆಂದು ಪ್ರತಿಯೊಂದೂ ದೊಡ್ಡದರ ಮುನ್ಸೂಚನೆಯೂ ಅಲ್ಲ, ಬಹುಪಾಲು ಸಣ್ಣವಾಗಿಯೇ ಮುಗಿಯುತ್ತವೆ. ಯಾವುದು ಎಂಥದೆಂದು ಮೊದಲೇ ಹೇಳುವ ವಿದ್ಯೆ ವಿಜ್ಞಾನಕ್ಕೆ ಇನ್ನೂ ಸಿದ್ಧಿಸಿಲ್ಲ. ಮುಂದೆ 2019ರ ಡಿಸೆಂಬರ್ 28ರಿಂದ ಪ್ಯೂರ್ಟೊ ರಿಕೊ ದ್ವೀಪದ ದಕ್ಷಿಣದಲ್ಲಿ 4.7ರಂಥ ಕಂಪನಗಳು ಒಂದರ ಹಿಂದೊಂದು ಬಂದವು. 2020ರ ಜನವರಿ 7ರ ನಸುಕಿನಲ್ಲಿ 6.4ರದ್ದು ಬಂತು, ಶಕ್ತಿಯಲ್ಲಿ ಮುನ್ನೂರು ಪಟ್ಟಿಗೂ ಮಿಗಿಲು. ಗ್ವಾನಿಕಾ ಊರಿನ ಮೂರಂತಸ್ತಿನ ಶಾಲೆ ಕುಸಿದು ಕೂತಿತು. ರಜೆಯ ದಿನ, ನಸುಕು, ಒಳಗೆ ಮಕ್ಕಳಿರಲಿಲ್ಲ.

ಆ ಚಿತ್ರ ಟಿ.ವಿ.ಯಲ್ಲಿ ಬಂದ ದಿನ ತಾಯಿ ಮಗನ ಶಾಲೆಗೆ ಹೋಗಿ, ಕಟ್ಟಡದ ಕಂಬಗಳನ್ನು ಎಂಜಿನಿಯರರು ನೋಡಿದ್ದಾರೆಯೇ ಎಂದು ಕೇಳಿ ಬಂದಳು. ಮನೆಯಲ್ಲಿ ಹೊಸ ಬೀರನ್ನು ಗೋಡೆಗೆ ಮೊಳೆ ಜಡಿದು ನಿಲ್ಲಿಸಿದ್ದೂ ಆಕೆಯೇ.

2021ರ ಅಕ್ಟೋಬರಿನಲ್ಲಿ ಫೋನು ಬಂತು. ಟ್ರಿನಿಡಾಡಿನಲ್ಲಿ ಮಧ್ಯಾಹ್ನ, ಊರಲ್ಲಿ ರಾತ್ರಿ ಹತ್ತರ ಮೇಲೆ. ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಸುತ್ತ ಕೆಲವು ದಿನಗಳಿಂದ ನೆಲದೊಳಗೆ ಭಾರಿ ಸದ್ದು, ಅಲುಗಾಟ. ಆ ರಾತ್ರಿಯದು 4ರ ಆಸುಪಾಸಿನದು. ಜನ ಊರು ಬಿಡುತ್ತಿದ್ದರು. ಅವ್ವನ ಹಳ್ಳಿ ಅದರ ಪಕ್ಕದ್ದೇ.

"ನೆಲ ಗುಡುಗಲಾಕತ್ತದ ಯವ್ವಾ" ಎಂದಳು ಅವ್ವ.

ಕೊರೊನಾ ಕಾಲ, ಮಗನ ಪಾಠ ಮನೆಯಲ್ಲೇ ನಡೆಯುತ್ತಿತ್ತು. ಅವನು ಎದ್ದು ಬಂದು ಫೋನು ತೆಗೆದುಕೊಂಡ. "ಅಜ್ಜಿ, ಸದ್ದು ಆದ ಮ್ಯಾಲ ನೆಲ ಅಲುಗಾಡೂದಕ್ಕ ಎಷ್ಟು ಹೊತ್ತು? ಎಣಿಸಿದ್ರ?"

"ಎಣಿಸೂದೇನ್ ಬಂತಪ್ಪಾ? ಢಂ ಅಂತದ, ಮನಿ ಅಲುಗತದ. ಎರಡೂ ಕೂಡೇ."

ಹುಡುಗ ಫೋನನ್ನು ತಾಯಿಗೆ ಕೊಟ್ಟ. "ಅವರ ಕಾಲ ಕೆಳಗೇ ಆಗ್ತಾ ಇದೆ. ಆಳವೂ ಇಲ್ಲ, ಅದಕ್ಕೇ ಸದ್ದು ಕೇಳಿಸ್ತಿದೆ" ಎಂದ.

ತಾಯಿ ಆ ಮನೆಯನ್ನು ನೆನೆದಳು. ಅದೇ ಕಲ್ಲು ಮಣ್ಣಿನ ಗೋಡೆ, ಅದೇ ಮಾಳಿಗೆ. ಅಲ್ಲಿ ಮೇಜಿನ ಮಾತು ಆಡುವಂತಿರಲಿಲ್ಲ.

"ಅವ್ವಾ, ಒಳಗ ಮಲಗಬ್ಯಾಡ" ಎಂದಳು. "ಹಾಸಿಗಿ ತಗೊಂಡು ಅಂಗಳಕ್ಕ ಬಾ. ಗ್ವಾಡಿಯಿಂದ ದೂರ. ಈಗಲೇ ಬಾ, ನಾ ಫೋನ್ ಹಿಡದೇ ಇರ್ತೀನಿ."

ಅತ್ತ ಕಡೆ ಚಿಲಕ ತೆಗೆದ ಸದ್ದು ಕೇಳಿಸಿತು.